ಚೂರು ತೆಗೆಸಲು ಹೆದರುವ ಅಳಿಯನಿಗೆ



ಬಾಯಿಯ ಬಿಳಿ ಮಚ್ಚೆ ಹಾಗೇ ಇದೆಯಂತೆ, ಡಾಕ್ಟರು ಚೂರು ತೆಗೆದು ನೋಡುವ ಬಯಾಪ್ಸಿಗೆ ಬರೆದುಕೊಟ್ಟರೂ ನೀನು ಹೋಗುತ್ತಿಲ್ಲವಂತೆ. ‘ಕತ್ತರಿ ತಾಗಿದರೆ ಹರಡುತ್ತೆ’ ಎಂದು ಯಾರೋ ಹೇಳಿದರೆಂದು ಅಕ್ಕ ಫೋನಿನಲ್ಲಿ ಅತ್ತಳು. ಇಂಥ ಮಾತು ನಂಬಿ ಕೂತ ಹುಡುಗರು ಊರೂರಿಗೂ ಇದ್ದಾರೆ. ಅದಕ್ಕೇ ಮಾವ ಇದನ್ನು ಪತ್ರಿಕೆಗೇ ಬರೆಯುತ್ತಿದ್ದಾನೆ.

ಮಾವ ಪೆಥಾಲಜಿ ಲ್ಯಾಬಿನಲ್ಲಿದ್ದದ್ದು ನಿನಗೆ ಗೊತ್ತು. ಅಲ್ಲೇನು ಮಾಡುತ್ತಿದ್ದ ಎಂದು ನೀನು ಕೇಳಿದವನಲ್ಲ. ಫಾರ್ಮಲಿನ್ ಡಬ್ಬಿಯಲ್ಲಿ ಬರುತ್ತಿದ್ದ ಚೂರು ಕೆಲವೊಮ್ಮೆ ಅಕ್ಕಿಕಾಳಿನಷ್ಟೇ ಇರುತ್ತಿತ್ತು. ನೀರಿನಂಶ ತೆಗೆದು, ಮೇಣದಲ್ಲಿ ಕೂರಿಸಿ, ಮೈಕ್ರೊಟೋಮಿನಲ್ಲಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಕೊಯ್ಯಬೇಕು. ಆ ಪದರವನ್ನು ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಸುಕ್ಕು ಬಿಚ್ಚಿಕೊಳ್ಳುತ್ತದೆ. ಆಗ ಗಾಜಿನ ಸ್ಲೈಡಿನಿಂದ ಎತ್ತಿಕೊಳ್ಳುವುದು. ಬಣ್ಣ ಹಾಕಿದ ಮೇಲೆ ಕೋಶಕೇಂದ್ರ ನೇರಳೆ, ಸುತ್ತಲಿನದು ಗುಲಾಬಿ.

ಡಾಕ್ಟರಮ್ಮ ಒಬ್ಬರು ಒಮ್ಮೆ ಮೈಕ್ರೊಸ್ಕೋಪಿನ ಮುಂದೆ ಕೂರಿಸಿ ಎರಡು ಸ್ಲೈಡ್ ತೋರಿಸಿದರು. ಆರೋಗ್ಯವಂತ ಬಾಯಿಯ ಪದರದಲ್ಲಿ ಕೋಶಗಳು ತಳದಲ್ಲಿ ಹುಟ್ಟಿ, ಮೇಲೇರುತ್ತ ಚಪ್ಪಟೆಯಾಗಿ ಉದುರಿಹೋಗುತ್ತವೆ. ಎರಡನೆಯದರಲ್ಲಿ ಕೋಶಕೇಂದ್ರಗಳು ಊದಿಕೊಂಡು ಒಂದೊಂದು ಒಂದೊಂದು ಅಳತೆ. ಕೋಶಗಳು ತಳದ ಪೊರೆ ಒಡೆದು ಒಳಕ್ಕೆ ನುಗ್ಗಿದ್ದವು.

ಕ್ಯಾನ್ಸರ್ ಎಂದರೆ ಅದೇ. ಅದು ಅಂಟುಜಾಡ್ಯವಲ್ಲ, ಯಾರ ಶಾಪವೂ ಅಲ್ಲ, ನಮ್ಮದೇ ಕೋಶ. ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಬೇಕು, ಕೆಟ್ಟರೆ ಯಾವಾಗ ಸಾಯಬೇಕು ಎಂಬ ಲೆಕ್ಕವೆಲ್ಲ ಕೋಶದ ಡಿಎನ್‌ಎಯಲ್ಲಿದೆ. ಅಲ್ಲಿ ಒಂದರ ಮೇಲೊಂದು ದೋಷ ಸೇರುತ್ತ ಹೋದರೆ ಕೋಶ ನಿಲ್ಲುವುದನ್ನೇ ಮರೆಯುತ್ತದೆ. ಟಿಪಿ53 ಎಂಬ ವಂಶವಾಹಿ ಹಾಳಾದ ಕೋಶವನ್ನು ತಡೆಯುವ ಕಾವಲುಗಾರ. ತಂಬಾಕಿನ ವಿಷ ಆ ಕಾವಲುಗಾರನನ್ನೇ ಕೆಡಿಸಬಲ್ಲದು. ಅಡಿಕೆ ಸೀಮೆಯಲ್ಲಿ ಹುಟ್ಟಿದ ಮಾವನಿಗೆ ಇನ್ನೊಂದು ಮಾತು ಹೇಳಲು ಕಷ್ಟ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದಿದೆ.

ಇನ್ನು ಹರಡುವ ಮಾತು. ನಿನ್ನ ಅಜ್ಜನ ತಮ್ಮ ಕೆನ್ನೆಯ ಹುಣ್ಣಿಗೆ ತಿಂಗಳುಗಟ್ಟಲೆ ನಾಟಿ ಔಷಧಿ ಹಚ್ಚಿಸಿಕೊಂಡರು. ಕತ್ತಿನಲ್ಲಿ ಗಂಟು ಕಾಣಿಸಿದ ಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ರೋಗ ದುಗ್ಧಗ್ರಂಥಿಗೆ ಇಳಿದಿತ್ತು. ಚೂರು ತೆಗೆದದ್ದು ಆಮೇಲೆ. ಆದರೆ ಮನೆಯವರು ಇಂದಿಗೂ ‘ಕತ್ತರಿ ಹಾಕಿದ್ದಕ್ಕೇ ಹೋದರು’ ಎನ್ನುತ್ತಾರೆ. ಬಯಾಪ್ಸಿಯಿಂದ ರೋಗ ಹರಡುವುದು ತೀರಾ ಅಪರೂಪ. ಕಾಯುತ್ತ ಕೂತರೆ ಹರಡುವುದು ಮಾತ್ರ ದಿನನಿತ್ಯ ಕಾಣುವ ಸಂಗತಿ. ಓದಿದವನು ನೀನು, ಇಷ್ಟೂ ತಿಳಿಯದೇನೋ?

ಗದರಿಸಿದೆನೆಂದು ಬೇಜಾರಾಗಬೇಡ ಮಗು. ಬಿಳಿ ಮಚ್ಚೆಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗುವುದಿಲ್ಲ. ನಿನ್ನದೂ ಹಾಗೇ ಇರಬಹುದು. ಆದರೆ ಬರಿಗಣ್ಣಿಗೆ ಅದು ತಿಳಿಯದು. ಅಡಿಕೆ, ಗುಟ್ಕಾ ಇವತ್ತೇ ಬಿಡು. ಬಯಾಪ್ಸಿ ಮಾಡಿಸುವುದು ಬಿಡುವುದು ನಿನ್ನಿಷ್ಟ. ಆದರೂ ಸೋಮವಾರ ಬೆಳಿಗ್ಗೆ ಮಾವ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತಾನೆ. ಡಾಕ್ಟರ ಚೀಟಿ, ಆಧಾರ್, ರೇಷನ್ ಕಾರ್ಡ್ ಮರೆಯಬೇಡ. ತಿಂಡಿ ತಿಂದೇ ಬಾ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಏನೂ ಅಗಿಯುವ ಹಾಗಿಲ್ಲ.

ಇತಿ,
ನಿನ್ನ ಸೋದರಮಾವ