ಅನುದಾನಕ್ಕೆ ಕಾಯುವ ಮುನ್ನ ಬಾಕಿ ವಹಿ ತೆರೆಯಿರಿ

ಭೇರ್ಯದಂಥ ಊರುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಕಿವಿಮಾತು: ಹೊರಗಿನ ಹಣ ಹುಡುಕುವ ಮುನ್ನ ನಿಮ್ಮದೇ ತೆರಿಗೆಯ ಬೇಡಿಕೆ–ವಸೂಲಿ–ಬಾಕಿ ವಹಿ ನೋಡಿ. ಹೊರಗಿಂದ ಬರುವ ದುಡ್ಡು ಷರತ್ತು ಹೊತ್ತೇ ಬರುತ್ತದೆ. 2021-22ರಿಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಯಿತು. ಉಳಿದ ಶೇ 40ನ್ನೂ ಸಂಬಳ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಬೀದಿದೀಪ ಕೆಟ್ಟರೆ, ಪಂಪಿನ ಮೋಟಾರು ಸುಟ್ಟರೆ ಕೂಡಲೇ ಕೈಗೆ ಸಿಗುವುದು ಸ್ವಂತ ಸಂಪನ್ಮೂಲವೇ.

ಬಡವರ ಮೇಲೆ ತೆರಿಗೆ ಹೇರುವುದೇ ಎಂದು ಕೇಳುವವರಿದ್ದಾರೆ. ಕಾಳಜಿ ಸರಿಯೇ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಹೇಳುವುದು ಕಟ್ಟಡ ಮತ್ತು ಕೃಷಿಯೇತರ ಜಾಗದ ತೆರಿಗೆಯನ್ನು, ಉಳುವ ಹೊಲದ್ದನ್ನಲ್ಲ. ಹೆದ್ದಾರಿ ಬದಿಯ ವಾಣಿಜ್ಯ ಮಳಿಗೆ, ಕಲ್ಯಾಣ ಮಂಟಪ, ಮೊಬೈಲ್ ಟವರುಗಳಿಂದ ವಸೂಲಿ ಶುರುಮಾಡಿ. ಬಿಟ್ಟುಹೋದ ಸ್ವತ್ತುಗಳನ್ನು ಅಳೆದು ಪಟ್ಟಿಗೆ ಸೇರಿಸಿ. ದರ ಏರಿಸದೆಯೂ ಆದಾಯ ಹೆಚ್ಚುತ್ತದೆ.

ತೆರಿಗೆ ಕಟ್ಟಿದರೆ ನಮಗೇನು ಸಿಕ್ಕೀತು ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆ ಉತ್ತರ ಗ್ರಾಮಸಭೆಯಲ್ಲಿದೆ: ಎಷ್ಟು ಬಂತು, ಯಾವ ಬೀದಿಗೆ ಹೋಯಿತು ಎಂದು ಓದಿ ಹೇಳಿ. ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಹೊರಗಿನ ಬಾಗಿಲೂ ತೆರೆಯುತ್ತದೆ. 2013ರ ಕಂಪನಿ ಕಾಯ್ದೆಯಂತೆ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ಶಾಸಕರ, ಸಂಸದರ ಪ್ರದೇಶಾಭಿವೃದ್ಧಿ ನಿಧಿಯೂ ಇದೆ. ಅಂದಾಜು ಪಟ್ಟಿ, ಜಾಗದ ದಾಖಲೆ, ಗ್ರಾಮಸಭೆಯ ನಿರ್ಣಯ ಮೂರನ್ನೂ ಜೋಡಿಸಿಯೇ ಅರ್ಜಿ ಕೊಡಿ. ಮೊದಲು ಮನೆಯ ಬಾಕಿ, ಆಮೇಲೆ ಹೊರಗಿನ ನೆರವು. ಈ ಕ್ರಮ ತಪ್ಪಿಸಬೇಡಿ.