ಒಂದು ಚೀಲ ಯೂರಿಯಾದ ಜಮಾಖರ್ಚು
ಕಬ್ಬಿನ ಭೂಮಿಯಿಂದ ಹೊರಡುವ ಹಸಿರುಮನೆ ಅನಿಲ: ವ್ಯಾಪಾರಸ್ಥರಿಗೆ ಒಂದು ಪಾಠ

ಹಸಿರುಮನೆ ಅನಿಲ ಎಂದೊಡನೆ ಕಾರ್ಖಾನೆಯ ಚಿಮಣಿ ಹಾಗೂ ಲಾರಿಯ ಹೊಗೆ ನೆನಪಾಗುವುದು ಸಹಜ. ಆದರೆ ಹೊಲದ ಮಣ್ಣೂ ಇಂತಹ ಅನಿಲವನ್ನು ಹೊರಬಿಡುತ್ತದೆ. ಭಾರತ ಸರ್ಕಾರವು 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯಂತೆ, 2020ರಲ್ಲಿ ದೇಶದ ಒಟ್ಟು ಹೊರಸೂಸುವಿಕೆಯಲ್ಲಿ ಕೃಷಿಯ ಪಾಲು ಶೇ. 13.72. ಜಾನುವಾರು ಹಾಗೂ ಭತ್ತದ ಗದ್ದೆಗಳ ಜೊತೆಗೆ ರಸಗೊಬ್ಬರ ಹಾಕಿದ ಮಣ್ಣಿನ ಪಾಲೂ ಇದರಲ್ಲಿ ಸೇರಿದೆ.

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಿಗೆ ಈ ವಿಷಯ ದೂರದ್ದಲ್ಲ. ಹಿಡಕಲ್ ಜಲಾಶಯ ಮತ್ತು ಧೂಪದಾಳದ ಒಡ್ಡಿನಿಂದ ಹರಿಯುವ ಘಟಪ್ರಭೆಯ ನೀರು ಈ ಭಾಗದ ಎರೆಭೂಮಿಯನ್ನು ಕಬ್ಬಿನ ನಾಡಾಗಿಸಿದೆ. ಸಕ್ಕರೆ ಕಾರ್ಖಾನೆ, ಬೆಲ್ಲದ ಗಾಣ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ದುರಸ್ತಿ ಹೀಗೆ ಪೇಟೆಯ ಬಹುಪಾಲು ವಹಿವಾಟು ಕಬ್ಬನ್ನೇ ಅವಲಂಬಿಸಿದೆ.

ಮಣ್ಣಿನಲ್ಲಿ ಆಗುವುದೇನು?

ಯೂರಿಯಾ ಮಣ್ಣಿಗೆ ಬಿದ್ದ ಮೇಲೆ ಮೊದಲು ಅಮೋನಿಯಂ ಆಗಿ, ಬಳಿಕ ಸೂಕ್ಷ್ಮಾಣುಗಳ ಕ್ರಿಯೆಯಿಂದ ನೈಟ್ರೇಟ್ ಆಗಿ ಬದಲಾಗುತ್ತದೆ. ಹೊಲಕ್ಕೆ ನೀರು ತುಂಬಿ ಮಣ್ಣಿನೊಳಗೆ ಗಾಳಿ ಆಡದಂತಾದಾಗ ಬೇರೆ ಸೂಕ್ಷ್ಮಾಣುಗಳು ಆ ನೈಟ್ರೇಟನ್ನು ಒಡೆಯುತ್ತವೆ. ಈ ಎರಡೂ ಹಂತಗಳಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹೊರಡುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಈ ಅನಿಲವು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಎರೆಮಣ್ಣಿನಲ್ಲಿ ನೀರು ಬೇಗ ಇಳಿಯುವುದಿಲ್ಲ. ಆದ್ದರಿಂದ ಗೊಬ್ಬರ ಎರಚಿದ ಕೂಡಲೇ ಕಾಲುವೆಯ ನೀರನ್ನು ತುಂಬಾ ಹಾಯಿಸುವ ಪದ್ಧತಿ ಈ ಕ್ರಿಯೆಗೆ ಅನುಕೂಲಕರವಾಗಿದೆ.

ಒಂದು ಚೀಲದ ಲೆಕ್ಕ

ಐಪಿಸಿಸಿ ಎಂಬ ಅಂತರರಾಷ್ಟ್ರೀಯ ಹವಾಮಾನ ಸಮಿತಿಯ ಮೂಲ ಸೂತ್ರದಂತೆ, ಹಾಕಿದ ಸಾರಜನಕದಲ್ಲಿ ಶೇ. 1ರಷ್ಟು ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೊರಹೋಗುತ್ತದೆ ಎಂದು ಎಣಿಸಲಾಗುತ್ತದೆ.

1. ಚೀಲದ ತೂಕ 45 ಕಿಲೋ. ಅದರಲ್ಲಿ ಸಾರಜನಕ ಶೇ. 46, ಅಂದರೆ 20.7 ಕಿಲೋ.
2. ಅದರ ಶೇ. 1 ಎಂದರೆ 0.207 ಕಿಲೋ. ಅನಿಲದ ತೂಕಕ್ಕೆ ಪರಿವರ್ತಿಸಿದರೆ (44/28) 0.325 ಕಿಲೋ.
3. ಇದನ್ನು 273ರಿಂದ ಗುಣಿಸಿದರೆ ಸುಮಾರು 89 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ.
4. ಯೂರಿಯಾದೊಳಗಿನ ಇಂಗಾಲವೇ ಬಿಡುಗಡೆಯಾಗಿ ಸುಮಾರು 33 ಕಿಲೋ.
5. ಒಟ್ಟು ಸುಮಾರು 122 ಕಿಲೋ.

ಸುಮಾರು 45 ಲೀಟರ್ ಡೀಸೆಲ್ ಉರಿಸಿದಾಗ ಬರುವಷ್ಟೇ ಹೊರೆ ಇದು. ಎಕರೆಗೆ ಐದು ಚೀಲ ಹಾಕಿದರೆ 600 ಕಿಲೋ ದಾಟುತ್ತದೆ. ಗೊಬ್ಬರ ತಯಾರಿಕೆ ಮತ್ತು ಸಾಗಣೆಯ ಹೊರೆ ಇದರಲ್ಲಿ ಸೇರಿಲ್ಲ. ಸೂತ್ರವು ಸರಾಸರಿಯದ್ದಾದ್ದರಿಂದ ಮಣ್ಣು ಹಾಗೂ ತೇವಕ್ಕೆ ತಕ್ಕಂತೆ ನಿಜವಾದ ಪ್ರಮಾಣ ಹೆಚ್ಚುಕಡಿಮೆಯಾಗಬಹುದು.

ನಷ್ಟ ಯಾರದು?

ಅನಿಲವಾಗಿ ಹೋಗುವ ಸಾರಜನಕದ ತೂಕ ಅಲ್ಪವೇ ಸರಿ. ಆದರೆ ಬೆಳೆಯ ಅಗತ್ಯಕ್ಕಿಂತ ಹೆಚ್ಚು ಹಾಕಿದ ಸಾರಜನಕವು ಅಮೋನಿಯಾ ಆಗಿ ಹಾರಿ, ನೈಟ್ರೇಟ್ ಆಗಿ ಬಾವಿಯ ನೀರಿಗೆ ಇಳಿದು ಬಹುವಾಗಿ ಪೋಲಾಗುತ್ತದೆ. ಈ ಎಲ್ಲ ಸೋರಿಕೆಗೂ ಮೂಲ ಒಂದೇ. ಸರ್ಕಾರದ ಸಹಾಯಧನದಿಂದಾಗಿ ಒಂದು ಚೀಲ ರೈತರಿಗೆ ಸುಮಾರು 266 ರೂ.ಗೆ ದೊರೆಯುವುದರಿಂದ ಪೋಲಾದದ್ದು ಕೈಗೆ ತಟ್ಟುವುದಿಲ್ಲ.

ಆದರೆ ಅದು ಇಳುವರಿಯಲ್ಲಿ ತಟ್ಟುತ್ತದೆ. ಸಾರಜನಕ ಅತಿಯಾದರೆ, ಅದರಲ್ಲೂ ತಡವಾಗಿ ಹಾಕಿದರೆ, ಕಬ್ಬು ಮಾಗುವುದು ನಿಧಾನವಾಗಿ ರಸದಲ್ಲಿ ಸಕ್ಕರೆಯಂಶ ಕುಗ್ಗುತ್ತದೆ. ಬೆಲ್ಲದ ಬಣ್ಣ ಕಪ್ಪಾಗಿ ಬಾಳಿಕೆ ಕಡಿಮೆಯಾಗುತ್ತದೆ. 2025-26ರ ಹಂಗಾಮಿಗೆ ಕೇಂದ್ರವು ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂ. ದರ ನಿಗದಿಪಡಿಸಿತು. ಕಾರ್ಖಾನೆಯ ಇಳುವರಿ ಪ್ರತಿ 0.1 ಅಂಶ ಏರಿದರೆ ಅಥವಾ ಇಳಿದರೆ 3.46 ರೂ. ವ್ಯತ್ಯಾಸ, ಅಂದರೆ ಟನ್ನಿಗೆ 34 ರೂ. 60 ಪೈಸೆ. ಶೇ. 9.5ರ ಕೆಳಗೆ ಮಾತ್ರ ಕಡಿತವಿಲ್ಲ. ಈ ಲೆಕ್ಕ ಕಾರ್ಖಾನೆಯ ಸರಾಸರಿಯದ್ದಾದ್ದರಿಂದ ಒಬ್ಬರ ಅತಿ ಗೊಬ್ಬರದ ಪರಿಣಾಮ ಎಲ್ಲರ ಬಿಲ್ಲಿನಲ್ಲೂ ಹಂಚಿಹೋಗುತ್ತದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂ. ಕೇಳಿ ಹೋರಾಡಿದ್ದನ್ನು ನೆನೆದರೆ, ಟನ್ನಿನ ಮೇಲಿನ ಪ್ರತಿ ರೂಪಾಯಿಯ ಮಹತ್ವ ತಿಳಿಯುತ್ತದೆ.

ಪರಿಹಾರದ ಮಾರ್ಗಗಳು

1. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಮಾತ್ರ ಗೊಬ್ಬರದ ಪ್ರಮಾಣ ನಿರ್ಧರಿಸುವುದು. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ ಹಾಗೂ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಿಂದ ಸಲಹೆ ಪಡೆಯಬಹುದು.
2. ಒಂದೇ ಸಲ ಎರಚದೆ ಕಂತುಗಳಲ್ಲಿ ಹಾಕಿ ಮಣ್ಣು ಮುಚ್ಚುವುದು. ನಿಂತ ನೀರಿನಲ್ಲಿ ಹಾಕದಿರುವುದು.
3. ಹನಿ ನೀರಾವರಿಯ ಮೂಲಕ ನೀರಿನೊಡನೆ ಗೊಬ್ಬರ ಕೊಡುವುದು.
4. ರವದಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸುವುದು. ಸುಟ್ಟರೆ ಅದರಲ್ಲಿರುವ ಸಾರಜನಕ ಹೊಗೆಯೊಡನೆ ಹೋಗುತ್ತದೆ. ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಕೂಡ ಹುಟ್ಟುತ್ತವೆ.

ರವದಿ ಕತ್ತರಿಸುವ ಯಂತ್ರ, ಗೊಬ್ಬರ ಬಿತ್ತಿ ಮುಚ್ಚುವ ಸಲಕರಣೆ ಹಾಗೂ ಹನಿ ನೀರಾವರಿಯ ಬಿಡಿಭಾಗಗಳಿಗೆ ಸ್ಥಳೀಯ ಸಣ್ಣ ಕೈಗಾರಿಕೆಗಳಲ್ಲಿ ಅವಕಾಶವಿದೆ.

ಕಾರ್ಬನ್ ಕ್ರೆಡಿಟ್: ಒಂದು ಎಚ್ಚರಿಕೆ

ಕೇಂದ್ರ ಸರ್ಕಾರವು 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಅಧಿಸೂಚಿಸಿದೆ. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಉಳಿತಾಯ. ಎಕರೆಗೆ ಒಂದು ಚೀಲ ಯೂರಿಯಾ ಉಳಿಸಿದರೆ 122 ಕಿಲೋ. ಹೀಗಾಗಿ ಒಂದು ಕ್ರೆಡಿಟ್‌ಗೆ ಎಂಟು ಎಕರೆಗೂ ಹೆಚ್ಚು ಭೂಮಿ ಬೇಕಾಗುತ್ತದೆ. ಅಳತೆ, ಪರಿಶೀಲನೆ ಹಾಗೂ ನೋಂದಣಿಯ ವೆಚ್ಚವನ್ನು ಇದರಲ್ಲೇ ಕಳೆಯಬೇಕು. ಆದ್ದರಿಂದ ಎಕರೆಗೆ ಇಂತಿಷ್ಟು ಸಾವಿರ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳ ಕರಾರಿಗೆ ಸಹಿ ಹಾಕುವ ಮುನ್ನ ಈ ಲೆಕ್ಕವನ್ನು ಮಾಡಿನೋಡುವುದು ಅಗತ್ಯ.

ಲಾಭವು ಸದ್ಯಕ್ಕೆ ಕ್ರೆಡಿಟ್‌ನಲ್ಲಿಲ್ಲ. ಉಳಿದ ಗೊಬ್ಬರದಲ್ಲಿ ಮತ್ತು ಏರಿದ ಇಳುವರಿಯಲ್ಲಿದೆ. ಅದನ್ನು ಕಾಣಲು ಗೊಬ್ಬರದ ಬಿಲ್ಲು, ಮಣ್ಣು ಪರೀಕ್ಷೆಯ ಚೀಟಿ ಹಾಗೂ ಕಬ್ಬಿನ ತೂಕದ ಪಾವತಿಗಳನ್ನು ಸರ್ವೆ ನಂಬರುವಾರು ಒಂದೇ ಕಡತದಲ್ಲಿಡುವ ರೂಢಿಯನ್ನು ಬರುವ ಹಂಗಾಮಿನಿಂದಲೇ ಆರಂಭಿಸುವುದು ಒಳಿತು. ಮುಂದೆ ಯಾವ ಖರೀದಿದಾರ ಅಥವಾ ಸಂಸ್ಥೆ ಲೆಕ್ಕ ಕೇಳಿದರೂ ಮೊದಲು ಬೇಕಾಗುವುದು ಈ ಕಡತವೇ.