ತಣ್ಣನೆಯ ಎಂಜಿನ್ನಿಗೇ ಬೆಲೆ ಕಟ್ಟಿ

ಹಳೆಯ ಡೀಸೆಲ್ ಎಂಜಿನ್ ಕೊಳ್ಳುವಾಗ ಮಾರುವವರು ಹೇಳುವ ರೇಟು ಅರ್ಧ ಲೆಕ್ಕ ಮಾತ್ರ. ಮೊದಲ ವರ್ಷದ ರಿಪೇರಿ, ಸವೆದ ಎಂಜಿನ್ ಹೆಚ್ಚಿಗೆ ಕುಡಿಯುವ ಡೀಸೆಲ್, ನಡುಬೇಸಿಗೆಯಲ್ಲಿ ಅದು ಕೈಕೊಟ್ಟರೆ ಒಣಗುವ ಬೆಳೆ, ಈ ಮೂರನ್ನೂ ಕೂಡಿಸಿದಾಗಲೇ ನಿಜವಾದ ಬೆಲೆ ಗೊತ್ತಾಗುವುದು.

ಖಾನಾಪುರ ತಾಲ್ಲೂಕಿನಲ್ಲಿ ಮಳೆಗೆ ಬರವಿಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರವನ್ನು ಹಾದೇ ಮುಂದೆ ಹೋಗುತ್ತಾಳೆ. ಆದರೆ ಕಬ್ಬಿಗೆ, ತರಕಾರಿಗೆ ನೀರು ಹಾಯಿಸಬೇಕಾದದ್ದು ಮಳೆ ಇಲ್ಲದ ತಿಂಗಳಲ್ಲಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ, ನಿಜ. ಆದರೆ ತ್ರೀ ಫೇಸ್ ಇರುವುದು ದಿನಕ್ಕೆ ಕೆಲವೇ ತಾಸು. ಅದಕ್ಕೇ ನಮ್ಮ ಹೊಲಕ್ಕೆ ಹಳೆಯ 5 ಎಚ್‌ಪಿ ಎಂಜಿನ್ ಪಂಪ್‌ಸೆಟ್ ಹುಡುಕಲು ಹೊರಟೆ. ಜೊತೆಗೆ ಬೆಳಗಾವಿಯ ಉದ್ಯಮಬಾಗ್‌ನಿಂದ ಒಬ್ಬ ಮಿಸ್ತ್ರಿಯನ್ನು ದಿನದ ಪಗಾರ ಕೊಟ್ಟು ಕರೆದೊಯ್ದೆ. ಆ ಪಗಾರವನ್ನು ಖರ್ಚೆಂದು ನಾನು ಬರೆದಿಡುವುದಿಲ್ಲ, ಅದು ವಿಮೆಯ ಕಂತು.

ಹೊಲದ ಶೆಡ್ಡಿಗೆ ಹೋದ ಕೂಡಲೇ ಮಿಸ್ತ್ರಿ ಮಾಡಿದ ಮೊದಲ ಕೆಲಸ, ಎಂಜಿನ್ನಿನ ಹೆಡ್ಡಿನ ಮೇಲೆ ಅಂಗೈ ಇಟ್ಟದ್ದು. ಬೆಚ್ಚಗಿತ್ತು. "ಮುಂಜಾನೆ ನೀರ ಹಾಯ್ಸಿದ್ದೆರೀ" ಎಂದ ಮಾರುವವ. "ಹಂಗಾರ ನಾಳೆ ಬರ್ತೀವಿ. ನಾವು ಬರೂತನಕ ಹಚ್ಚಬ್ಯಾಡ್ರಿ" ಎಂದು ಮಿಸ್ತ್ರಿ ಹೊರಟೇಬಿಟ್ಟ. ಕಾರಣವಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಇಲ್ಲ. ಒಳಗೆ ಸಿಕ್ಕ ಗಾಳಿಯನ್ನು ಅದುಮಿ ಅದುಮಿ ಕಾಯಿಸಿ, ಆ ಕಾವಿಗೇ ಡೀಸೆಲ್ ಹೊತ್ತಿಸಬೇಕು. ರಿಂಗು, ಲೈನರು ಸವೆದಿದ್ದರೆ ಗಾಳಿ ಸೋರಿ ಕಾವು ಏರುವುದಿಲ್ಲ. ಮೊದಲೇ ಬಿಸಿಯಾದ ಎಂಜಿನ್ನಿನಲ್ಲಿ ಈ ರೋಗ ಅಡಗಿ ಕೂರುತ್ತದೆ.

ಮರುದಿನ ಎಂಜಿನ್ ತಣ್ಣಗಿತ್ತು. ಡಿಕಂಪ್ರೆಷನ್ ಲಿವರ್ ಎತ್ತದೆಯೇ ಮಿಸ್ತ್ರಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದ. ಗಟ್ಟಿ ಎಂಜಿನ್ ಆದರೆ ಒಂದು ಹಂತದಲ್ಲಿ ಹ್ಯಾಂಡಲ್ ಕೈಗೆ ತಡೆ ಕೊಟ್ಟು, ಹಿಂದಕ್ಕೆ ಒದೆಯಲು ನೋಡಬೇಕು. ಇದು ತಡೆದಂತೆ ಮಾಡಿ ಸುಯ್ಯೆಂದು ಬಿಟ್ಟುಕೊಟ್ಟಿತು. ಡಿಪ್‌ಸ್ಟಿಕ್ ಎಳೆದು ನೋಡಿದ. ಆಯಿಲ್ ಕಪ್ಪಗಿದ್ದರೆ ಹೆದರಬೇಕಿಲ್ಲ, ಡೀಸೆಲ್ ಎಂಜಿನ್ನಿನ ಆಯಿಲ್ ಬಲುಬೇಗ ಕಪ್ಪಾಗುತ್ತದೆ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ಮಾತ್ರ ನೀರು ಸೇರಿದೆ ಎಂದರ್ಥ. ಆಗ ಹೆಡ್ ಗ್ಯಾಸ್ಕೆಟ್ಟೋ ಲೈನರಿನ ರಬ್ಬರ್ ರಿಂಗೋ ಹೋಗಿರುತ್ತದೆ. ನಮ್ಮದು ಕಪ್ಪಗೇ ಇತ್ತು.

ಹಚ್ಚಿದ ಮೇಲೆ ಹೊಗೆ ನೋಡಬೇಕು. ತಣ್ಣಗಿದ್ದ ಎಂಜಿನ್ ಮೊದಲಿಗೆ ಕೊಂಚ ಬಿಳಿ ಹೊಗೆ ಬಿಟ್ಟರೆ ತಕರಾರಿಲ್ಲ. ಬಿಸಿಯಾದ ಮೇಲೂ ಬಿಳಿ ಹೋಗದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಸೇರುತ್ತಿದೆ. ಕಪ್ಪಾದರೆ ನೋಝಲ್ ಕೆಟ್ಟಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು; ಅಗ್ಗದ ರಿಪೇರಿ. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಖರ್ಚು ದೊಡ್ಡದು. ಇದರ ಹೊಗೆಗೆ ನೀಲಿ ಛಾಯೆ ಇತ್ತು.

ಬರಿದೇ ಓಡಿಸಿ ನೋಡಿದರೆ ಸಾಲದು. ಹೊಳೆಗೆ ಪೈಪು ಬಿಟ್ಟು, ನಮಗೆ ಬೇಕಾದಷ್ಟು ಎತ್ತರಕ್ಕೆ ತಾಸುಗಟ್ಟಲೆ ನೀರೆತ್ತಿಸಿದೆವು. ಹೊಳೆನೀರಿನಲ್ಲೇ ತಂಪಾಗುವ ಎಂಜಿನ್ನಿನ ಒಳದಾರಿಗಳಲ್ಲಿ ರಾಡಿ ಕಟ್ಟಿರುತ್ತದೆ. ಹಾಗಾಗಿ ಹೊರಬೀಳುವ ನೀರು ಸಣ್ಣಗಾಗುತ್ತದೆಯೇ, ಗುಳ್ಳೆ ಕಾರುತ್ತದೆಯೇ ಎಂದು ಕಣ್ಣಿಟ್ಟೆವು. ಅದರಲ್ಲಿ ದೋಷವಿರಲಿಲ್ಲ.

ಇನ್ನು ದುಡ್ಡಿನ ಮಾತು. ಮಾರುವವನ ರೇಟು 18,000 ರೂಪಾಯಿ. ಲೈನರ್, ಪಿಸ್ಟನ್, ರಿಂಗು, ಬೇರಿಂಗು, ಮಜೂರಿ ಸೇರಿ ಎಂಜಿನ್ ಕಟ್ಟಲು 7,000 ಬೇಕೆಂದು ಮಿಸ್ತ್ರಿ ಹೇಳಿದ. ಹಾಗೇ ಓಡಿಸಿದರೆ? 5 ಎಚ್‌ಪಿ ಎಂಜಿನ್ ಪೂರ್ತಿ ಲೋಡಿನಲ್ಲಿ ತಾಸಿಗೆ ಹೆಚ್ಚುಕಮ್ಮಿ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಸವೆದದ್ದು ಕಾಲು ಲೀಟರ್ ಹೆಚ್ಚಿಗೆ ಕುಡಿದರೂ, ಬೇಸಿಗೆಗೆ 200 ತಾಸು ಓಡಿಸಿದರೆ 50 ಲೀಟರ್ ಆಯಿತು. ಲೀಟರಿಗೆ 90 ರೂಪಾಯಿ ಹಿಡಿದರೆ 4,500. ಎರಡು ಬೇಸಿಗೆಯಲ್ಲಿ ರಿಪೇರಿಯ ದುಡ್ಡು ಹೊಗೆಯಾಗಿ ಹೋದಂತೆ! ಈ ಲೆಕ್ಕವನ್ನು ಮಾರುವವನ ಎದುರೇ ಚೀಟಿಯಲ್ಲಿ ಬರೆದೆ. 11,000ಕ್ಕೆ ವ್ಯವಹಾರ ಮುಗಿಯಿತು.

ಕಟ್ಟಿಸುವ ಧೈರ್ಯ ಬಂದದ್ದು ಬೆಳಗಾವಿ ಪಕ್ಕದಲ್ಲೇ ಇರುವುದರಿಂದ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ ಊರಿದು. ಅವರ ಉದ್ಯಮ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಯಿತು. ಫೌಂಡ್ರಿ, ಲೇತ್‌ಗಳ ಕಸುಬು ಮಾತ್ರ ಈ ಊರಿನಲ್ಲಿ ಬೇರೂರಿದೆ. ಬೋರ್ ಹೊಡೆಸಲು, ಕ್ರ್ಯಾಂಕ್ ಗ್ರೈಂಡ್ ಮಾಡಿಸಲು ದೂರ ಅಲೆಯಬೇಕಿಲ್ಲ. ಬಿಡಿಭಾಗ ಸಿಗದ ಅಪರೂಪದ ಕಂಪನಿಯ ಎಂಜಿನ್ ಎಷ್ಟೇ ಅಗ್ಗಕ್ಕೆ ಬಂದರೂ ಅದಕ್ಕೆ ಗುಜರಿಯ ತೂಕದ ಬೆಲೆಯಷ್ಟೇ.

ದುಡ್ಡು ಎಣಿಸುವ ಮುನ್ನ ಕೊನೆಯದಾಗಿ ಎಂಜಿನ್ ನಂಬರ್ ನೋಡಿ. ಅದು ಬಿಲ್ಲಿನ ನಂಬರಿಗೆ ತಾಳೆಯಾಗಬೇಕು. ಪ್ಲೇಟ್ ಕಿತ್ತಿದ್ದರೆ, ನಂಬರ್ ಉಜ್ಜಿದ್ದರೆ, ಬಿಲ್ ಆಮೇಲೆ ಕೊಡುತ್ತೇನೆಂದರೆ ಎದ್ದು ಬನ್ನಿ. ಹೊಲದಿಂದ ಪಂಪು ಕದಿಯುವವರೂ ಇದ್ದಾರೆ. ಕದ್ದ ಮಾಲು ಪೊಲೀಸರ ಪಾಲಾದರೆ ಎಂಜಿನ್ನೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.